ನಸಾರಿಯೊನ ಬಟ್ಟೆ ಒಗೆದ ದಿನ

ಸತ್ತವನ ಬಟ್ಟೆಯನ್ನು ಅವನ ಹೆಂಡತಿ ಒಗೆಯುವಂತಿಲ್ಲ. ಅವನ ಒಡಹುಟ್ಟಿದವರೂ ಒಗೆಯುವಂತಿಲ್ಲ. ಹೆಣ್ಣು ಕೊಟ್ಟ ಮನೆಯವರು ಒಗೆಯಬೇಕು. ಹಾಗಾಗಿ ನಸಾರಿಯೊನ ಬಟ್ಟೆಯ ಗಂಟು ಸಾಂತುಸಾಳ ಬೆನ್ನಿಗೆ ಬಂತು. ಅವಳು ಅವನ ಹೆಂಡತಿಯ ತಂಗಿ.

ಗಂಟಿನಲ್ಲಿ ಭಾರವೇ ಇರಲಿಲ್ಲ. ಬದುಕಿದ್ದಷ್ಟು ಕಾಲ ಪರದೇಶದವರ ಸಾಮಾನು ಹೊತ್ತವನು ತನ್ನದೆಂದು ಬಿಟ್ಟುಹೋದದ್ದು ಒಂದು ಶಾಲಿನಲ್ಲಿ ಕಟ್ಟುವಷ್ಟು. ಒಂದೆರಡು ಪ್ಯಾಂಟು, ಅಂಗಿಗಳು, ಕಿವಿ ಮುಚ್ಚುವ ಉಣ್ಣೆಯ ಟೋಪಿ, ತಲೆ ತೂರಿಸಿ ಹೊದೆಯುವ ಪೊಂಚೊ, ಕಂಬಳಿ. ಸಾಂತುಸಾ ಅದನ್ನು ಹೊಳೆಯ ದಂಡೆಯ ಕಲ್ಲಿನ ಮೇಲೆ ಇಳಿಸಿದಳು. ಅಕ್ಕ ಗ್ರೆಗೋರಿಯಾ ಕರಿ ಲಂಗದಲ್ಲಿ ಮೇಲೆ ಹುಲ್ಲಿನ ಮೇಲೆ ಕೂತಳು. ಹೆಣ ಊರಿಗೆ ಬಂದಾಗಿನಿಂದ ಅವಳು ಮಾತಾಡಿರಲಿಲ್ಲ. ಅತ್ತಿರಲೂ ಇಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಅಷ್ಟೆ.

ಮಣ್ಣು ಮಾಡಿದ ಐದನೆಯ ದಿನ ಈ ಊರಲ್ಲಿ ಬಟ್ಟೆ ಒಗೆಯುತ್ತಾರೆ. ಸತ್ತವನು ತೊಟ್ಟ ಒಂದೊಂದೂ ಹರಿವ ನೀರಿನಲ್ಲಿ ಮುಳುಗಬೇಕು. ಮುಳುಗಿಸುವ ಮೊದಲು ಆ ಬಟ್ಟೆಯಲ್ಲಿ ಅವನನ್ನು ಕೊನೆಯ ಸಲ ನೋಡಿದವರು ಎದ್ದು ನಿಂತು ಎಲ್ಲಿ ನೋಡಿದೆ ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆ ಸತ್ತವನಿಗೆ ಆ ಬಟ್ಟೆಯ ಹಂಗು ತೀರುತ್ತದೆ. ಒಂದು ಉಳಿದರೂ ಅದನ್ನು ಹುಡುಕಿಕೊಂಡು ಬರುತ್ತಾನೆ. ಬಾಗಿಲು ಬಾಗಿಲು ತಟ್ಟುತ್ತಾನೆ.

ದಂಡೆಯಲ್ಲಿ ಸೇರಿದ್ದ ಊರವರಲ್ಲಿ ಪಕ್ಕದ ಹೊಲದ ಮುದುಕ ಪ್ಯಾಂಟಿಗೆ ಎದ್ದು ನಿಂತ. "ನಸಾರಿಯೊ, ಈ ಪ್ಯಾಂಟಲ್ಲಿ ನಿನ್ನ ಕೊನೇ ಸಲ ನೋಡಿದ್ದು ನನ್ನ ಹೊಲದಲ್ಲಿ. ಆಲೂಗಡ್ಡೆ ಕೀಳೋಕೆ ಬಂದಿದ್ದೆ. ಕೆಮ್ತಾ ಕೆಮ್ತಾ ಕಿತ್ತೆ. ಆದ್ರೂ ನನಗಿಂತ ಮುಂಚೆ ಸಾಲು ಮುಗಿಸ್ದೆ. ತಗೊಂಡ್ಹೋಗು."

ಸಾಂತುಸಾ ಪ್ಯಾಂಟನ್ನು ಮುಳುಗಿಸಿದಳು. ಹಿಮ ಕರಗಿದ ನೀರು. ಮೊದಲ ಮುಳುಗಿಗೇ ಬೆರಳು ಸತ್ತವು.

ಟೋಪಿಗೆ ಹೆಂಡ ಮಾರುವ ಹೆಂಗಸು ಎದ್ದಳು. "ಈ ಟೋಪೀಲಿ ನೋಡಿದ್ದು ನನ್ನ ಬೆಂಚಿನ ಕೆಳಗೆ. ಕುಡಿದು ಬಿದ್ದಿದ್ದೆ. ಟೋಪಿ ಮಾತ್ರ ನೆಟ್ಟಗಿತ್ತು. ತಗೊಂಡ್ಹೋಗಪ್ಪ."

ಜನ ನಕ್ಕರು. ನಗಬಹುದು. ನಕ್ಕರೆ ಸತ್ತವನಿಗೆ ಹಗುರ ಎನ್ನುತ್ತಾರೆ.

ಗಂಟು ಕರಗುತ್ತ ಬಂತು. ಸಾಂತುಸಾಳ ಕೈ ನಿಧಾನವಾಯಿತು. ಕೊನೆಗೆ ಏನು ಉಳಿಯುತ್ತದೆ ಎಂದು ಅವಳಿಗೂ ಗೊತ್ತಿತ್ತು, ದಂಡೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಟಿನಲ್ಲಿ ಇಲ್ಲದ್ದು ಉಳಿಯುತ್ತದೆ. ಕೆಂಪು ಕೋಟು.

ಅದು ಕಂಪನಿ ಕೊಟ್ಟ ಕೋಟು. ಬೆನ್ನ ಮೇಲೆ ಕಂಪನಿಯ ಹೆಸರು, ಹೆಸರಿನ ಮೇಲೆ ಹಳದಿ ಸೂರ್ಯ. ಇಂಕಾಗಳ ಹಳೆಯ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗುವ ಕಂಪನಿ. ಪ್ರವಾಸಿಗರು ಬರಿಗೈಯಲ್ಲಿ ನಡೆಯುತ್ತಾರೆ. ಗುಡಾರ, ಮೇಜು, ಕುರ್ಚಿ, ಗ್ಯಾಸಿನ ಸಿಲಿಂಡರು, ಮೊಟ್ಟೆ, ದಿಂಬು ಎಲ್ಲ ಹೊರೆಯಾಳುಗಳ ಬೆನ್ನ ಮೇಲೆ ಓಡುತ್ತದೆ. ಓಡಲೇಬೇಕು. ಅವರು ಬರುವಷ್ಟರಲ್ಲಿ ಗುಡಾರ ಎದ್ದು ಚಹಾ ಕುದಿದಿರಬೇಕು. ನಸಾರಿಯೊನ ಪಾಲಿಗೆ ಬಂದದ್ದು ಕಕ್ಕಸಿನ ಪೆಟ್ಟಿಗೆ. ಪ್ರವಾಸಿಗರು ಕಲ್ಲಿನ ಮರೆಯಲ್ಲಿ ಕೂರಲಾರರು. ಅವರಿಗೊಂದು ಆಸನ ಬೇಕು. ಅವರ ಹೊಟ್ಟೆಯಿಂದ ಬಿದ್ದದ್ದೂ ಪರ್ವತ ಹತ್ತಿ ಇಳಿಯಬೇಕು, ಇನ್ನೊಬ್ಬನ ಬೆನ್ನ ಮೇಲೆ. ದಾರಿಯ ಬಾಯಲ್ಲಿ ಸರ್ಕಾರದ ತಕ್ಕಡಿ ಇದೆ. ಇಷ್ಟಕ್ಕಿಂತ ಹೆಚ್ಚು ಹೊರಿಸಬಾರದೆಂದು ಕಾನೂನೂ ಇದೆ. ತಕ್ಕಡಿಯ ಮುಂದೆ ಹೊರೆ ಇಳಿಯುತ್ತದೆ, ತಕ್ಕಡಿ ದಾಟಿ ತಿರುವಿನಲ್ಲಿ ಮತ್ತೆ ಏರುತ್ತದೆ. ರಾತ್ರಿ ಪ್ರವಾಸಿಗರು ಉಂಡೆದ್ದ ಗುಡಾರದಲ್ಲಿ, ಒದ್ದೆ ನೆಲದಲ್ಲಿ ಹೊರೆಯಾಳುಗಳು ಮಲಗುತ್ತಾರೆ. ಬೆಳಿಗ್ಗೆ ಪ್ರವಾಸಿಗರು ಹಾಳುಗೋಡೆಗಳನ್ನು ಸವರುತ್ತ ಕೇಳುತ್ತಾರೆ, ಇದನ್ನು ಕಟ್ಟಿದ ಜನ ಎಲ್ಲಿ ಮಾಯವಾದರು? ತಮ್ಮ ಹೇಲು ಹೊತ್ತವನನ್ನು ದಾಟಿಕೊಂಡು ಹೋಗಿ, ಕಲ್ಲನ್ನು ಕೇಳುತ್ತಾರೆ.

ನಸಾರಿಯೊ ಘಾಟಿಯ ನೆತ್ತಿಯಲ್ಲಿ ಸತ್ತ. ಜೊತೆಯ ಹೊರೆಯಾಳುಗಳು ಕಂಬಳಿಯಲ್ಲಿ ಸುತ್ತಿ ತಂದರು. ಕಂಬಳಿ ಬಿಚ್ಚಿದರೆ ಬರೀ ಅಂಗಿಯಲ್ಲಿದ್ದ. ಆ ನೆತ್ತಿಯ ಚಳಿಯಲ್ಲಿ ನಾಯಿಯೂ ನಿಲ್ಲುವುದಿಲ್ಲ. ಕೋಟು ಎಲ್ಲಿ ಎಂದು ಕೇಳಿದರೆ ಹೊರೆಯಾಳುಗಳು ನೆಲ ನೋಡಿದರು. ಅವರಿಗೆ ಮುಂದಿನ ವಾರದ ಹೊರೆ ಬೇಕಿತ್ತು. ಸಾಂತುಸಾ ಕುಸ್ಕೊ ಪೇಟೆಗೆ ಹೋಗಿ ಕಂಪನಿಯ ಬಾಗಿಲಲ್ಲಿ ನಿಂತಳು. ಗಾಜಿನ ಹಿಂದಿನ ಹುಡುಗಿ ಒಳಗೆ ಹೋಗಿ ಬಂದು ಹೇಳಿದಳು: ಆ ವಾರ ಅವನು ನಮ್ಮ ಕೆಲಸದಲ್ಲಿರಲಿಲ್ಲ, ತಾನಾಗಿ ಹಿಂದೆ ಬಂದಿರಬೇಕು, ನಮ್ಮ ಕೋಟು ಅವನ ಮೈಮೇಲೆ ಇರಲು ಸಾಧ್ಯವೇ ಇಲ್ಲ.

ಸತ್ತವನನ್ನು ತಮ್ಮವನಲ್ಲ ಎನ್ನಲು ಒಂದು ಕೋಟು ಕಳಚಿದರೆ ಸಾಕಾಯಿತು.

ಕಂಬಳಿಯನ್ನು ಮುಳುಗಿಸುವ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ವ್ಯಾನು ನಿಂತಿತು. ಅದೇ ಹಳದಿ ಸೂರ್ಯ. ವಿಲ್ಬರ್ ಇಳಿದ. ಕಂಪನಿಯ ಗೈಡು. ಈ ಊರಲ್ಲೇ ಹುಟ್ಟಿದವನು. ಇವನೂ ಮೊದಲು ಕಕ್ಕಸಿನ ಪೆಟ್ಟಿಗೆ ಹೊತ್ತವನೇ. ಇಂಗ್ಲಿಷು ಕಲಿತ ಮೇಲೆ ಪೆಟ್ಟಿಗೆ ನಸಾರಿಯೊಗೆ ದಾಟಿತು. ಕಂಪನಿ ಡ್ರೈವರನ ಸಂಬಳವನ್ನೂ ಉಳಿಸಿತ್ತು. ಹಳ್ಳಿಗಳಿಗೆ ವ್ಯಾನನ್ನು ಇವನೇ ಓಡಿಸಿಕೊಂಡು ಬರುತ್ತಿದ್ದ. ಹಿಂದೆ ನಾಲ್ಕಾರು ಪ್ರವಾಸಿಗರು ಇಳಿದು, ಎದೆಯುಬ್ಬಿಸಿ ಗಾಳಿ ಎಳೆದುಕೊಂಡರು. ಗಾಳಿಗೂ ಹಣ ಕೊಟ್ಟಿದ್ದವರ ಹಾಗೆ.

"ಚಿಕ್ಕಮ್ಮ, ಎಲ್ಲಿ ಹೋಗ್ಬಿಟ್ರಿ ಎಲ್ಲರೂ? ಮಗ್ಗದ ಹತ್ರ ನರಪಿಳ್ಳೆ ಇಲ್ಲ" ಎಂದ ವಿಲ್ಬರ್.

"ಇವತ್ತು ಮಗ್ಗ ಇಲ್ಲ ಅಂತ ದೊನ್ ಎಲಿಸೆಯೊಗೆ ಹೇಳಿದ್ದೆ."

ದೊನ್ ಎಲಿಸೆಯೊ ಪ್ರವಾಸಿಗರನ್ನು ಮನೆಗಳಲ್ಲಿ ಇಳಿಸಿಕೊಳ್ಳುವ ಸಂಘದ ಅಧ್ಯಕ್ಷ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಎದ್ದ. "ಫೋನ್ ಮಾಡಿದ್ನಮ್ಮ. ಆಗ್ಲೇ ಬುಕ್ ಆಗಿದೆ ಅಂದ್ರು."

ವಿಲ್ಬರ್ ಹೊಳೆಯನ್ನೂ ಒದ್ದೆ ಬಟ್ಟೆಗಳನ್ನೂ ನೋಡಿದ. ಅವನ ಮುಖ ಅರಳಿತು. "ಹೋಗ್ಲಿ ಬಿಡಿ. ಇದೇ ಚೆನ್ನಾಗಿದೆ. ಮಗ್ಗ ಎಲ್ಲ ಊರಲ್ಲೂ ತೋರಿಸ್ತಾರೆ. ಇದು ಯಾರಿಗೂ ನೋಡೋಕೆ ಸಿಗಲ್ಲ."

"ಯಾವುದು?"

"ಇದೇ. ಸತ್ತೋರ ಬಟ್ಟೆ ಒಗೆಯೋದು. ನೀವು ನಿಮ್ಮ ಪಾಡಿಗೆ ಮಾಡ್ತಿರಿ."

ಸಾಂತುಸಾಳಿಗೆ ಈ ಆಟ ಹೊಸದಲ್ಲ. ವ್ಯಾನು ಬಂದ ದಿನವೆಲ್ಲ ಅವಳು ಕುರಿಚರ್ಮದ ಮೇಲೆ ಕೂತು ನೂಲುತ್ತಾಳೆ. ರಬ್ಬರ್ ಬೂಟು, ಪ್ಲಾಸ್ಟಿಕ್ ಬಕೆಟ್, ಫುಟ್ಬಾಲ್ ಅಂಗಿ ತೊಟ್ಟ ಮಕ್ಕಳು ಎಲ್ಲ ಗೋಡೆಯ ಹಿಂದೆ ಹೋಗಬೇಕು. ಕಳ್ಳಿಯ ಹುಳುವನ್ನು ಅಂಗೈಯಲ್ಲಿ ಅರೆದು ನೂಲಿಗೆ ಹಾಕುವ ಕೆಂಪು ಬಣ್ಣ ಮಾಡಿ ತೋರಿಸುತ್ತಾಳೆ. ಮಗ್ಗದಲ್ಲಿ ನೂಲು ಬಡಿದು ಕೂರಿಸುವ ಮೂಳೆಯನ್ನು ಎತ್ತಿ, ಇದು ಚೌಕಾಸಿ ಮಾಡಿದ ಗಿರಾಕಿಯ ಮೂಳೆ ಎನ್ನುತ್ತಾಳೆ. ವಿಲ್ಬರ್ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾನೆ. ಅವರು ನಗುತ್ತಾರೆ. ಯಾವ ದೇಶದವರೇ ಬರಲಿ, ಅದೇ ಜಾಗದಲ್ಲಿ ನಗುತ್ತಾರೆ. ಕುರಿಗಳೂ ದಿನಕ್ಕೊಂದು ರೀತಿ ಒದರುತ್ತವೆ.

ವಿಲ್ಬರ್ ಸೋಪುಪುಡಿಯ ನೀಲಿ ಪೊಟ್ಟಣವನ್ನು ಕಾಲಿನಿಂದ ಬಂಡೆಯ ಹಿಂದೆ ತಳ್ಳಿದ. "ಇದು ಬೇಡ ಚಿಕ್ಕಮ್ಮ, ಫೋಟೋದಲ್ಲಿ ಬರತ್ತೆ. ಆ ನೊರೆಬೇರು ಇದ್ಯಲ್ಲ, ಅದು ತನ್ನಿ."

"ಆ ಬೇರು ತೋರಿಸೋಕೆ. ಇದು ಒಗೆಯೋಕೆ."

"ಸರಿ, ಸರಿ. ದೊಡ್ಡಮ್ಮ ಒಂದ್ಸಲ ಬಣ್ಣದ ಲಂಗ ಹಾಕ್ಕೊಂಡ್ಬಂದ್ರೆ..."

"ಅವಳ ಗಂಡ ಸತ್ತಿದಾನೆ ಕಣೋ."

"ಗೊತ್ತು. ಆದ್ರೆ ಕರಿ ಬಟ್ಟೆ ಸ್ಪೇನಿನೋರು ತಂದಿದ್ದು. ಇವರು ಇಂಕಾ ಸಂಸ್ಕೃತಿ ನೋಡೋಕೆ ಬಂದಿರೋರು."

"ಇಂಕಾ ಕಾಲದಲ್ಲಿ ನೀನು ಯಾರ ಕಕ್ಕಸು ಹೊರ್ತಿದ್ದೆ, ವಿಲ್ಬರ್?"

ಗಂಡಸರ ಕಡೆಯಿಂದ ಯಾರೋ ಮೂಗಿನಲ್ಲಿ ನಕ್ಕರು. ವಿಲ್ಬರ್ ಕೇಳಿಸದವನಂತೆ ಪ್ರವಾಸಿಗರತ್ತ ತಿರುಗಿ ಕೈ ಬೀಸಿ ಕರೆದ.

ಅವರು ಇಳಿದು ಬಂದರು. ಗಡ್ಡದವನೊಬ್ಬ ಆಗಲೇ ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದ್ದ. ಅವನು ಗ್ರೆಗೋರಿಯಾಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಮುಖದ ಫೋಟೋ ತೆಗೆದ. ಅವಳು ಕದಲಲಿಲ್ಲ. ಮತ್ತೂ ಹತ್ತಿರ ಸರಿದು ತೆಗೆದ. ದುಃಖ ಚೆನ್ನಾಗಿ ಬಂದಿರಬೇಕು. ಹೆಬ್ಬೆರಳು ಎತ್ತಿ ತೋರಿಸಿದ. ಅವನ ಹಿಂದೆ ಎತ್ತರದ ಹೆಂಗಸೊಬ್ಬಳು ಬಂದು ಎರಡೂ ಅಂಗೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಾಗಿಸಿದಳು. ಈ ಊರಲ್ಲಿ ಯಾರೂ ಯಾರಿಗೂ ಹಾಗೆ ಕೈ ಮುಗಿಯುವುದಿಲ್ಲ. ಎಲ್ಲಿಯದನ್ನೋ ಎಲ್ಲಿಗೋ ತಂದಿದ್ದಳು. ಕಂದುಬಣ್ಣದ ಜನರೆಲ್ಲ ಅವಳಿಗೆ ಒಂದೇ ದೇಶದವರು.

ಅವಳು ಕೆಂಪು ಕೋಟು ತೊಟ್ಟಿದ್ದಳು.

ಸಾಂತುಸಾ ಮೊದಲು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಂಪನಿಯ ಕೋಟುಗಳು ಎಷ್ಟೋ ಇವೆ. ಆ ಹೆಂಗಸೇ ನೀರಿನ ಅಂಚಿಗೆ ಬಂದು, ಬಲಭುಜವನ್ನು ಮುಂದೆ ಚಾಚಿ, ಅಲ್ಲಿದ್ದ ತೇಪೆಯನ್ನು ಬೆರಳಿನಿಂದ ತಟ್ಟಿ, ನಿಮ್ಮದೇ ಕೆಲಸವಲ್ಲವೇ ಎನ್ನುವಂತೆ ನಕ್ಕಳು. ಸಾಂತುಸಾಳ ಒದ್ದೆ ಕೈಯನ್ನು ಹಿಡಿದು ತೇಪೆಯ ಮೇಲೆ ಇಟ್ಟಳು. ಅದು ಮಗ್ಗದಲ್ಲಿ ನೇಯ್ದು ಹೊಲಿದ ತೇಪೆ. ಹೊರೆಯ ಹಗ್ಗ ತಿಂದುಹಾಕಿದ ಜಾಗದಲ್ಲಿ ಹಾಕಿದ್ದು. ಬೆರಳು ಸತ್ತಿದ್ದರೂ ಅಂಚಿನ ಗಂಟು ಗೊತ್ತಾಯಿತು. ಎಡಕ್ಕೆ ತಿರುಗಿ, ತನ್ನ ಮೇಲೇ ಮಡಚಿ, ಕೆಳಗೆ ನುಸುಳುವ ಗಂಟು. ಗ್ರೆಗೋರಿಯಾ ಬಿಟ್ಟರೆ ಊರಲ್ಲಿ ಯಾರೂ ಹಾಗೆ ಅಂಚು ಮುಗಿಸುವುದಿಲ್ಲ.

ಸಾಂತುಸಾ ಕೈ ತೆಗೆಯಲಿಲ್ಲ. ಹೆಂಗಸು ಇನ್ನೂ ನಗುತ್ತಿದ್ದಳು.

"ವಿಲ್ಬರ್, ಈ ಕೋಟು ಎಲ್ಲೀದು?"

"ಯಾವುದು? ಓ, ಅದಾ. ಕಂಪನೀದು. ವ್ಯಾನಿನ ಹಿಂದ್ಗಡೆ ಬಿದ್ದಿತ್ತು. ಚಳಿ ಅಂದ್ಲು, ಕೊಟ್ಟೆ."

"ಈ ತೇಪೆ ನಮ್ಮಕ್ಕ ಹಾಕಿದ್ದು."

ವಿಲ್ಬರನ ಕಣ್ಣು ಒಂದು ಸಲ ಭುಜದ ಕಡೆ ಹೋಗಿ ಬಂತು. "ತೇಪೆ ಎಲ್ಲಾ ಒಂದೇ ಥರ ಇರತ್ತೆ ಚಿಕ್ಕಮ್ಮ."

ಮಗ್ಗದ ಊರಲ್ಲಿ ಹುಟ್ಟಿದವನು ಆ ಮಾತು ಆಡಬಾರದಿತ್ತು. ದಂಡೆಯ ಮೇಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಹತ್ತಿರ ಬಂದು ಭುಜ ನೋಡಿದರು. ನೋಡಿ ಹಿಂದೆ ಸರಿದರು. ಸತ್ತವನ ಒಗೆಯದ ಬಟ್ಟೆ ಬದುಕಿದವಳ ಮೈಮೇಲೆ ಓಡಾಡುತ್ತಿತ್ತು. ಹೆಂಡ ಮಾರುವವಳು ಎದೆಯ ಮೇಲೆ ಶಿಲುಬೆ ಗೀರಿಕೊಂಡಳು. ಗಡ್ಡದವನು ಅದನ್ನೂ ತೆಗೆದ.

"ಬಿಚ್ಚೋಕೆ ಹೇಳು" ಎಂದಳು ಸಾಂತುಸಾ.

ವಿಲ್ಬರ್ ಇಂಗ್ಲಿಷಿನಲ್ಲಿ ಏನೋ ಹೇಳಿದ. ಹೆಂಗಸು ಅರಳಿಹೋಗಿ ಮತ್ತೆ ಕೈ ಮುಗಿದಳು.

"ಏನಂದೆ?"

"ನಿಮಗೆ ಚೆನ್ನಾಗಿ ಒಪ್ಪತ್ತೆ ಅಂತಿದಾರೆ ಅಂದೆ." ಅವನ ದನಿಯಲ್ಲಿ ನಾಚಿಕೆಯೇ ಇರಲಿಲ್ಲ. ಆಮೇಲೆ ತಗ್ಗಿಸಿದ. "ಚಿಕ್ಕಮ್ಮ, ಕೈ ಮುಗೀತೀನಿ. ಇವರ ಮುಂದೆ ಬೇಡ. ಇದಾದ್ಮೇಲೆ ಈ ಊರಿಗೆ ವ್ಯಾನೇ ಬರದ ಹಾಗೆ ಮಾಡ್ತಾರೆ. ಊರಿಗೂರೇ ಬಾಯಿಗೆ ಮಣ್ಣು ಹಾಕ್ಕೊಳತ್ತೆ."

"ಸಾಂತುಸಾ..." ಎಂದ ದೊನ್ ಎಲಿಸೆಯೊ. ಟೋಪಿಯ ಅಂಚು ಹಿಂಡಿದ.

ಸಾಂತುಸಾ ಹೆಂಗಸಿನ ಕತ್ತಿನ ಬಳಿ ಕೈ ಹಾಕಿ ಜಿಪ್ಪು ಎಳೆದಳು. ಹೆಂಗಸು ಗಾಬರಿಯಾಗಲಿಲ್ಲ. ಅವಳಿಗೆ ಅದು ಅರ್ಥವಾಗಿತ್ತು, ತನ್ನ ಅರ್ಥದಲ್ಲಿ. ಬಂದವರಿಗೆಲ್ಲ ಈ ಊರಲ್ಲಿ ಲಂಗ ಉಡಿಸಿ ಟೋಪಿ ಇಟ್ಟು ಫೋಟೋ ತೆಗೆಸುತ್ತಾರೆ. ತನ್ನ ಸರದಿ ಬಂತೆಂದುಕೊಂಡಳು. ಮಗುವಿನ ಹಾಗೆ ಎರಡೂ ತೋಳು ಚಾಚಿ ನಿಂತಳು. ಉಳಿದವರು ಚಪ್ಪಾಳೆ ತಟ್ಟಿದರು. ಸಾಂತುಸಾ ಒಂದೊಂದೇ ತೋಳು ಕಳಚಿದಳು. ತೆಳು ಅಂಗಿಯಲ್ಲಿ ಹೆಂಗಸು ನಡುಗುತ್ತ, ನಗುತ್ತ, ಮುಂದಿನದಕ್ಕೆ ಕಾದಳು.

ಮುಂದಿನದು ಬರಲಿಲ್ಲ. ಸಾಂತುಸಾ ಅವಳಿಗೆ ಬೆನ್ನು ಹಾಕಿ ನೀರಿಗಿಳಿದಳು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು, ಕಂಪನಿಯ ಹೆಸರು ಎಲ್ಲರಿಗೂ ಕಾಣುವಂತೆ ಕೋಟನ್ನು ಎತ್ತಿ ಹಿಡಿದಳು.

"ಈ ಕೋಟಲ್ಲಿ ನಸಾರಿಯೊನ್ನ ಕೊನೇ ಸಲ ನೋಡಿದೋರು ಯಾರು? ಎದ್ದು ಹೇಳಲಿ."

ಗಂಡಸರ ನಡುವೆ ಕೂತಿದ್ದ ಹೊರೆಯಾಳುಗಳು ಮತ್ತೆ ನೆಲ ನೋಡಿದರು. ಸಾಂತುಸಾ ಮತ್ತೆ ಕೇಳಲಿಲ್ಲ. ಕೇಳಿದ ಪ್ರಶ್ನೆ ಅಲ್ಲೇ ನಿಂತಿತು, ನೀರಿನಲ್ಲಿ ಅವಳ ಜೊತೆ. ಪ್ರವಾಸಿಗರು ಅದನ್ನು ಪ್ರಾರ್ಥನೆ ಎಂದುಕೊಂಡು ತಲೆ ತಗ್ಗಿಸಿದರು. ಗಡ್ಡದವನು ಒಳ್ಳೆಯ ಕೋನ ಹುಡುಕುತ್ತ ಬೂಟು ಒದ್ದೆ ಮಾಡಿಕೊಂಡ.

ವಿಲ್ಬರ್ ನೀರಿನಂಚಿಗೆ ಬಂದು ಕೈ ಚಾಚಿದ. "ಆಟ ಸಾಕು. ಕೊಡಿ."

"ನೀನು ನೋಡಿದ್ಯಾ?"

"ನಾನೇನೂ ನೋಡಿಲ್ಲ."

"ನಿಮ್ಮಮ್ಮ ಸತ್ತಾಗ ಅವಳ ಶಾಲು ಒಗೆದೋಳು ನಾನು. ಆ ಶಾಲಲ್ಲಿ ಅವಳನ್ನ ಕೊನೇಲಿ ನೋಡಿದ್ದು ನಾನೇ ಅಂತ ಇದೇ ನೀರಲ್ಲಿ ನಿಂತು ಹೇಳ್ದೆ. ನೀನು ಬಂದಿರ್ಲಿಲ್ಲ. ಯಾರನ್ನೋ ಹಾಳುಗೋಡೆ ತೋರಿಸೋಕೆ ಕರ್ಕೊಂಡ್ಹೋಗಿದ್ದೆ."

ವಿಲ್ಬರನ ಚಾಚಿದ ಕೈ ಕೆಳಗಿಳಿಯಿತು. ಅವನು ಪ್ರವಾಸಿಗರ ಕಡೆ ನೋಡಿದ, ಹೊರೆಯಾಳುಗಳ ಕಡೆ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ.

"ನಾನಲ್ಲ" ಎಂದ. "ಅವನು ನೆತ್ತೀಲಿ ಬಿದ್ಮೇಲೆ ಆಫೀಸಿನೋರು ಫೋನಲ್ಲಿ ಹೇಳಿದ್ರು. ಕೋಟು ಬಿಚ್ಚಿಸ್ಬಿಡು ಅಂತ. ನಮ್ಮ ಹೆಸರು ಕಾಣಬಾರದು ಅಂತ. ಹೇಳಿದ್ದನ್ನ ನಾನು ಮಾಡ್ದೆ, ಅಷ್ಟೆ."

ಹುಲ್ಲಿನ ಮೇಲಿಂದ ಒಂದು ದನಿ ಬಂತು. ಬಳಸದೆ ಇಟ್ಟಿದ್ದ ದನಿ, ಒರಟಾಗಿತ್ತು. ಗ್ರೆಗೋರಿಯಾ ಕೇಳಿದಳು:

"ಬಿಚ್ಚುವಾಗ ಉಸಿರಿತ್ತಾ?"

ವಿಲ್ಬರ್ ಇಲ್ಲ ಎನ್ನಬಹುದಿತ್ತು. ಸುಳ್ಳು ಹೇಳುವುದೇ ಅವನ ಕಸುಬು. ಆದರೆ ಈ ನೀರಿನ ಮುಂದೆ ಅವನಿಗೆ ಅದು ಬರಲಿಲ್ಲ. ಅವನು ಸುಮ್ಮನೆ ನಿಂತ. ಎಷ್ಟು ಹೊತ್ತು ನಿಂತನೆಂದರೆ, ದಂಡೆಯ ಮೇಲಿದ್ದ ಎಲ್ಲರಿಗೂ ಉತ್ತರ ಸಿಕ್ಕಿತು.

ಗ್ರೆಗೋರಿಯಾ ಎದ್ದು ನೀರಿನವರೆಗೆ ಬಂದಳು. "ಕೊಡು."

"ಅಕ್ಕ, ನೀನು ಮುಟ್ಟೋ ಹಾಗಿಲ್ಲ. ಒಗೆದುಬಿಡ್ತೀನಿ. ಸಾಕ್ಷಿ ಸಿಕ್ಕಿತಲ್ಲ."

"ಒಗೀಬೇಡ."

"ಒಗೀದಿದ್ರೆ ಅಲೀತಾನೆ, ಅಕ್ಕ."

"ಅಲೀಲಿ. ನಮ್ಮ ಬಾಗಿಲಿಗ್ಯಾಕೆ ಬರ್ತಾನೆ? ಬಿಚ್ಚಿಸಿದೋರ ಬಾಗಿಲಿಗೆ ಹೋಗ್ಲಿ. ಅವರ ಆಫೀಸಲ್ಲಿ ಅಲೀಲಿ. ಅವರ ಹೋಟೆಲಲ್ಲಿ, ಅವರ ಹಾಸಿಗೆ ಪಕ್ಕದಲ್ಲಿ ಅಲೀಲಿ. ಒಗೆದು ಅವನನ್ನ ಕಳಿಸಿಬಿಟ್ರೆ ಅವರಿಗೇ ಸುಖ."

ಸಾಂತುಸಾ ಕೋಟು ಕೊಟ್ಟಳು. ಗ್ರೆಗೋರಿಯಾ ಅದನ್ನು ತೊಟ್ಟಳು. ಕರಿ ಲಂಗದ ಮೇಲೆ ಕೆಂಪು ಕೋಟು. ತೋಳು ಉದ್ದವಾಗಿ ಬೆರಳು ಮುಚ್ಚಿದವು. ಈ ಊರಲ್ಲಿ ಯಾರೂ ಮಾಡದ ಕೆಲಸ ಅದು. ಮುದುಕರು ಮುಖ ತಿರುಗಿಸಿದರು. ಅವಳು ಯಾರನ್ನೂ ನೋಡದೆ ದಿಬ್ಬ ಹತ್ತಿ, ವ್ಯಾನಿನ ಮುಂಬಾಗಿಲು ತೆಗೆದು, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಳು.

ಹೊರೆಯಾಳುಗಳಲ್ಲಿ ಒಬ್ಬ ಎದ್ದ. ಅವನ ಹಿಂದೆ ಇನ್ನೊಬ್ಬ. ಮಾತಿಲ್ಲದೆ ಹತ್ತಿ ಹೋಗಿ ಪ್ರವಾಸಿಗರ ಸೀಟುಗಳಲ್ಲಿ ಕೂತರು. ಕಾಲಿನ ಮಣ್ಣು ಒರೆಸಿಕೊಳ್ಳಲಿಲ್ಲ. ಸಾಂತುಸಾ ಒದ್ದೆ ಲಂಗದಲ್ಲೇ ಹತ್ತಿದಳು. ಸೀಟಿನ ಮೇಲಿದ್ದ ಚೀಲಗಳನ್ನು ಒಂದೊಂದಾಗಿ ರಸ್ತೆಗೆ ಇಳಿಸಿದಳು.

ವಿಲ್ಬರ್ ಕೆಳಗೆ ನಿಂತು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. "ನಾನು ಓಡಿಸಲ್ಲ."

ದೊನ್ ಎಲಿಸೆಯೊ ಟೋಪಿಯನ್ನು ತಲೆಗೆ ಹಾಕಿಕೊಂಡ. "ಓಡಿಸ್ಬೇಡ ಬಿಡಪ್ಪ. ಇಲ್ಲೇ ಇರು. ರಾತ್ರಿ ಅವನು ಕೋಟು ಹುಡುಕ್ಕೊಂಡು ಬಂದ್ರೆ ನೀನೇ ಉತ್ತರ ಹೇಳು."

ವಿಲ್ಬರ್ ಇಂಗ್ಲಿಷು ಕಲಿತಿದ್ದ, ಪೇಟೆಯಲ್ಲಿ ಮನೆ ಕಟ್ಟಿದ್ದ. ಆದರೂ ಹುಟ್ಟಿದ್ದು ಇಲ್ಲೇ. ಅವನು ಹತ್ತಿ ಕೂತ. ಕೋಟಿಗೆ ತೋಳು ತಾಗದಂತೆ ಬಾಗಿಲಿಗೆ ಒತ್ತಿಕೊಂಡು ಕೂತ.

ಪ್ರವಾಸಿಗರು ಚೀಲಗಳ ನಡುವೆ ನಿಂತು ಒಬ್ಬರನ್ನೊಬ್ಬರು ನೋಡಿದರು. ಎತ್ತರದ ಹೆಂಗಸು ತೋಳು ಕಟ್ಟಿಕೊಂಡು ನಡುಗುತ್ತಿದ್ದಳು. ಈಗ ನಗುತ್ತಿರಲಿಲ್ಲ. ಕಿಟಕಿಯ ಬಳಿ ಬಂದು ವಿಲ್ಬರನನ್ನು ಏನೋ ಕೇಳಿದಳು.

"ಇವರನ್ನೇನು ಮಾಡ್ಲಿ?" ಎಂದ ವಿಲ್ಬರ್ ಹಿಂದಕ್ಕೆ ತಿರುಗದೆ. "ವಾಪಸ್ ಹೇಗೆ ಹೋಗ್ತಾರೆ ಇವರು?"

"ನಡ್ಕೊಂಡ್ಹೋಗ್ಲಿ" ಎಂದಳು ಸಾಂತುಸಾ. "ಇಂಕಾ ದಾರಿ ನಡೆಯೋಕೆ ತಾನೇ ಬಂದಿರೋದು. ಚೀಲ ಅವರೇ ಹೊತ್ಕೊಳ್ಳಲಿ."

ಗ್ರೆಗೋರಿಯಾ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡಳು.

"ಆಫೀಸಿಗೆ ನಡಿ" ಎಂದಳು.